ತೂಕ ಕಟ್ಟಿ ಪುಲ್-ಅಪ್: ಮೊದಲ ಎರಡು ಇಂಚು

ಸೊಂಟಕ್ಕೆ ತೂಕ ಕಟ್ಟುವ ಮೊದಲು ನಾನು ಇಟ್ಟುಕೊಂಡ ಷರತ್ತು ಒಂದೇ: ಬರೀ ಮೈತೂಕದಲ್ಲಿ, ಕಾಲು ಒದೆಯದೆ, ಕೈ ಪೂರ್ತಿ ಚಾಚಿ ನೇತಾಡುವಲ್ಲಿಂದ ಗದ್ದ ಬಾರ್ ದಾಟುವವರೆಗೆ 10 ರೆಪ್ (ಒಮ್ಮೆ ಏರಿ ಇಳಿದರೆ ಒಂದು ರೆಪ್). ಆಮೇಲೆ 2.5 ಕೆ.ಜಿ. ಪ್ಲೇಟ್. ಇಷ್ಟೇನಾ ಅನ್ನಿಸಬಹುದು. ಆದರೆ ಬೆನ್ನಿನ ಸ್ನಾಯು ಹೊಸ ಭಾರಕ್ಕೆ ಬೇಗ ಒಗ್ಗುತ್ತದೆ, ಮೊಣಕೈಯ ಸ್ನಾಯುರಜ್ಜು ನಿಧಾನ. ಅವಸರಪಟ್ಟರೆ ಮೊಣಕೈಯ ಒಳಮಗ್ಗುಲಲ್ಲಿ ನೋವು ಹಿಡಿಯುತ್ತದೆ. ಹಿಡಿದರೆ ಬೇಗ ಬಿಡುವುದಿಲ್ಲ.

ಡಿಪ್ ಬೆಲ್ಟಿನ, ಅಂದರೆ ಪ್ಲೇಟ್ ನೇತುಹಾಕಲು ಸೊಂಟಕ್ಕೆ ಕಟ್ಟುವ ಪಟ್ಟಿಯ, ಸರಪಳಿ ಗಿಡ್ಡವಿರಲಿ. ಪ್ಲೇಟ್ ಮೊಣಕಾಲಿಗಿಂತ ಮೇಲಿದ್ದರೆ ತೊಡೆಗಳಿಂದಲೇ ಅದನ್ನು ಅದುಮಿ ಹಿಡಿಯಬಹುದು. ಕೆಳಗೆ ಇಳಿಬಿದ್ದರೆ ಅದು ಲೋಲಕದಂತೆ ತೂಗಿ ಇಡೀ ಮೈಯನ್ನು ಜಗ್ಗುತ್ತದೆ. ಬಾರ್‌ಗೆ ನೆಗೆಯುವುದಿಲ್ಲ, ಗಟ್ಟಿ ಪೆಟ್ಟಿಗೆ ಹತ್ತಿ ಹಿಡಿಯುತ್ತೇನೆ, ಮುಗಿದ ಮೇಲೂ ಅದರ ಮೇಲೇ ಕಾಲಿಡುತ್ತೇನೆ. ಭಾರದೊಂದಿಗೆ ದೊಪ್ಪನೆ ನೆಲಕ್ಕೆ ಬಿದ್ದರೆ ಮಂಡಿಗೂ ಸೊಂಟಕ್ಕೂ ಏಟು.

ಹಿಡಿತ ಭುಜಕ್ಕಿಂತ ತುಸು ಅಗಲ, ಹೆಬ್ಬೆರಳು ಬಾರ್ ಸುತ್ತಿರಬೇಕು. ಇನ್ನು ಮೊದಲ ಎರಡು ಇಂಚು. ಮೊಣಕೈ ಮಡಿಸುವ ಮೊದಲೇ ಹೆಗಲನ್ನು ಕಿವಿಯಿಂದ ದೂರ, ಕೆಳಕ್ಕೆ ಎಳೆದುಕೊಳ್ಳಬೇಕು. ಮೈ ಅಷ್ಟೇ ಮೇಲೇರುತ್ತದೆ, ಕೈ ಇನ್ನೂ ನೇರವೇ. ಇದನ್ನು ಬಿಟ್ಟು ಮೊದಲಿಗೇ ತೋಳು ಮಡಿಸಿ ಎಳೆದರೆ ಭಾರವೆಲ್ಲ ಭುಜದ ಮುಂಭಾಗಕ್ಕೂ ಮೊಣಕೈಗೂ ಬೀಳುತ್ತದೆ. ಮೈತೂಕದಲ್ಲಿ ಮುಚ್ಚಿಹೋಗುವ ಈ ತಪ್ಪು 10 ಕೆ.ಜಿ. ಕಟ್ಟಿದೊಡನೆ ಬಯಲಾಗುತ್ತದೆ. ಅದಕ್ಕೇ ಪ್ರತಿ ಸಲ ಅಭ್ಯಾಸಕ್ಕೆ ಮುಂಚೆ ಈ ಎರಡು ಇಂಚನ್ನಷ್ಟೇ 8 ಬಾರಿ ಮಾಡುತ್ತೇನೆ, ನಂತರ ಮೈತೂಕದಲ್ಲಿ 5, ಅರ್ಧ ಭಾರದಲ್ಲಿ 3.

ಏರುವಾಗ ಗದ್ದದ ಬಗ್ಗೆ ಯೋಚಿಸಬೇಡಿ, ಮೊಣಕೈಗಳನ್ನು ಪಕ್ಕೆಲುಬಿನತ್ತ ಇಳಿಸಿ. ಕೊನೆಗೆ ಕತ್ತು ಚಾಚಿ ಗದ್ದ ದಾಟಿಸಿದರೆ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಟ್ಟೆ ಬಿಗಿ, ಕಾಲು ತುಸು ಮುಂದೆ. ಇಳಿಯಲು 2–3 ಸೆಕೆಂಡ್. ತಳದಲ್ಲಿ ಒಂದು ಸೆಕೆಂಡ್ ನಿಲುಗಡೆ. ಆ ನಿಲುಗಡೆ ಇಲ್ಲದಿದ್ದರೆ ಮುಂದಿನ ರೆಪ್ ಪುಟಿತದ ಬಲದಿಂದ ಏರುತ್ತದೆ.

ವಾರಕ್ಕೆ ಎರಡು ದಿನ, 5 ರೆಪ್‌ನ 4 ಸೆಟ್, ನಡುವೆ 3 ನಿಮಿಷ ವಿಶ್ರಾಂತಿ. ಕೊನೆಯ ರೆಪ್ ಕೂಡ ಮೊದಲನೆಯದರಷ್ಟೇ ಸ್ವಚ್ಛವಾಗಿ ಬಂದರೆ ಮಾತ್ರ ಮುಂದಿನ ವಾರ 1.25 ಕೆ.ಜಿ. ಸೇರಿಸುತ್ತೇನೆ. ಕಾಲು ಒದೆಯಲು ಹೊರಟ ಕ್ಷಣವೇ ಆ ಸೆಟ್ ಮುಗಿಯಿತು. ಪುಸ್ತಕದಲ್ಲಿ ಮೈತೂಕ ಸೇರಿಸಿ ಒಟ್ಟು ಭಾರ ಬರೆಯಿರಿ: 70 ಕೆ.ಜಿ. ಮೈಗೆ 10 ಕಟ್ಟಿದರೆ 80. ಮೈ 72 ಆದ ವಾರ ಅದೇ ಪ್ಲೇಟ್ ಭಾರವೆನಿಸಿದ್ದೇಕೆಂದು ಆಗ ತಿಳಿಯುತ್ತದೆ.