ರಾಪಾ ನುಯಿಯಲ್ಲಿ ನಿರಾಳ ರಜೆ: ನಾನು ಇಟ್ಟುಕೊಂಡ ಲೆಕ್ಕಾಚಾರ

ಹೊರಗಿನವರು ಈಸ್ಟರ್ ದ್ವೀಪ ಎನ್ನುವ ರಾಪಾ ನುಯಿಯ ವಿಸ್ತೀರ್ಣ ಸುಮಾರು 163 ಚದರ ಕಿ.ಮೀ. ಊರು ಎಂದರೆ ಹಂಗಾ ರೋವಾ ಒಂದೇ. ಅಲ್ಲಿಂದ ದ್ವೀಪದ ಇನ್ನೊಂದು ತುದಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ ಸಾಕು. ಅದಕ್ಕೇ ಎರಡು ದಿನ ಇಟ್ಟುಕೊಂಡು ಬರುವವರು ಬಹಳ. ಎರಡು ದಿನದಲ್ಲಿ ಎಲ್ಲವನ್ನೂ ನೋಡಬಹುದು, ಆದರೆ ಅದು ರಜೆ ಆಗುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಕನಿಷ್ಠ ಐದು ರಾತ್ರಿ, ದಿನಕ್ಕೆ ಅರ್ಧ ಹೊತ್ತು ಮಾತ್ರ ದ್ವೀಪದ ಹೆಸರಾಂತ ಮೋವಾಯ್ ಎಂಬ ಕಲ್ಲಿನ ವಿಗ್ರಹಗಳಿಗೆ, ಉಳಿದ ಹೊತ್ತು ಸಮುದ್ರಕ್ಕೆ ಮತ್ತು ನಿದ್ದೆಗೆ.

ಮೊದಲು ಕಾಗದಪತ್ರ. ದ್ವೀಪ ಚಿಲಿ ದೇಶಕ್ಕೆ ಸೇರಿದ್ದು. ರಾಜಧಾನಿ ಸ್ಯಾಂಟಿಯಾಗೊದಿಂದ ಸುಮಾರು 3,700 ಕಿ.ಮೀ., ಐದು ಗಂಟೆಗೂ ಹೆಚ್ಚಿನ ವಿಮಾನ ಪ್ರಯಾಣ. ದೇಶದೊಳಗಿನ ವಿಮಾನವೇ ಆದರೂ ಇದಕ್ಕೆ ಪ್ರತ್ಯೇಕ ತಪಾಸಣೆ ಇದೆ. ಆನ್‌ಲೈನ್‌ನಲ್ಲಿ ಪ್ರವೇಶ ಅರ್ಜಿ ತುಂಬಿರಬೇಕು, ವಾಪಸ್ ಟಿಕೆಟ್ ಇರಬೇಕು, ಉಳಿದುಕೊಳ್ಳುವ ಜಾಗ ಚಿಲಿಯ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಅಗ್ಗದ ಕೋಣೆ ಸಿಕ್ಕಿತೆಂದು ನೋಂದಣಿ ಇಲ್ಲದ ಮನೆಯನ್ನು ಬುಕ್ ಮಾಡಿದರೆ ತೊಂದರೆ ಸ್ಯಾಂಟಿಯಾಗೊದಲ್ಲೇ ಶುರುವಾಗುತ್ತದೆ. 2018ರಿಂದ ಹೊರಗಿನವರಿಗೆ ಗರಿಷ್ಠ 30 ದಿನದ ಮಿತಿಯೂ ಇದೆ. ಚಿಲಿ ವೀಸಾದ ಈಗಿನ ನಿಯಮವನ್ನು ದೆಹಲಿಯ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳಿ. ಬೆಂಗಳೂರಿನಿಂದ ಹೊರಟು ಬ್ರೆಜಿಲ್ ಅಥವಾ ಇಥಿಯೋಪಿಯಾ ಮೂಲಕ ಹೋಗಿಬರುವವರು ಹಳದಿ ಜ್ವರದ ಲಸಿಕೆಯ ವಿಷಯ ಮರೆಯಬಾರದು. ಹಾಕಿಸಿಕೊಂಡ 10 ದಿನಗಳ ನಂತರವೇ ಲಸಿಕೆಯ ಪ್ರಮಾಣಪತ್ರಕ್ಕೆ ಮಾನ್ಯತೆ. ಹೋಗುವಾಗಲೂ ಬರುವಾಗಲೂ ಸ್ಯಾಂಟಿಯಾಗೊದಲ್ಲಿ ಒಂದು ರಾತ್ರಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ವಿಮಾನ ತಡವಾದರೆ ಮುಂದಿನದು ಕೈತಪ್ಪುತ್ತದೆ, ದ್ವೀಪಕ್ಕೆ ಬದಲಿ ವಿಮಾನ ಸುಲಭಕ್ಕೆ ಸಿಗುವುದಿಲ್ಲ.

ಇಡೀ ಯೋಜನೆ ನಿಂತಿರುವುದು ವಿಗ್ರಹಗಳ ತಾಣಗಳಿರುವ ರಾಷ್ಟ್ರೀಯ ಉದ್ಯಾನದ ಟಿಕೆಟ್ ಮೇಲೆ. ಉದ್ಯಾನವನ್ನು ನೋಡಿಕೊಳ್ಳುವುದು ಸ್ಥಳೀಯ ರಾಪಾ ನುಯಿ ಜನರ ಸಂಘಟನೆಯಾದ ಮಾವು ಹೆನುವಾ. ಟಿಕೆಟ್ 10 ದಿನ ನಡೆಯುತ್ತದೆ. ಬೇರೆ ಜಾಗಗಳಿಗೆ ಮತ್ತೆ ಮತ್ತೆ ಹೋಗಬಹುದು, ಆದರೆ ವಿಗ್ರಹಗಳನ್ನು ಕೆತ್ತುತ್ತಿದ್ದ ಕಲ್ಲುಗಣಿ ರಾನೊ ರರಾಕು ಮತ್ತು ಜ್ವಾಲಾಮುಖಿ ಕುಳಿಯಂಚಿನ ಹಳೆಯ ಗ್ರಾಮ ಒರೊಂಗೊ, ಈ ಎರಡಕ್ಕೆ ಒಂದೊಂದೇ ಸಲ ಪ್ರವೇಶ. ಬಹುತೇಕ ತಾಣಗಳಿಗೆ ಮಾನ್ಯತೆ ಪಡೆದ ಗೈಡ್ ಜೊತೆಯಲ್ಲಿರಲೇಬೇಕು. ಕಾರು ಬಾಡಿಗೆಗೆ ಹಿಡಿದು ನಮ್ಮ ಪಾಡಿಗೆ ನಾವು ಸುತ್ತುತ್ತೇವೆ ಎಂದುಕೊಂಡು ಹೋದವರು ಗೇಟಿನಿಂದಲೇ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಆ ಎರಡು ತಾಣಗಳ ದಿನವನ್ನು ಹವಾಮಾನ ನೋಡಿ ನಿರ್ಧರಿಸಿ, ಗೈಡಿಗೆ ಮೊದಲೇ ಹೇಳಿಡಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಇನ್ನು ಗಡಿಯಾರ. ದ್ವೀಪದ ಸಮಯ ಸೂರ್ಯನಿಗಿಂತ ಬಹಳ ಮುಂದಿದೆ. ಅಲ್ಲಿ ಬೇಸಿಗೆಯಾದ ಡಿಸೆಂಬರಿನಲ್ಲೂ ಸೂರ್ಯ ಹುಟ್ಟುವುದು ಬೆಳಗ್ಗೆ ಏಳು ದಾಟಿದ ಮೇಲೆ, ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಮಾರ್ಚ್ ನಡುವಿನಲ್ಲಿ ಸೂರ್ಯೋದಯ ಎಂಟು ದಾಟುತ್ತದೆ. ಸೂರ್ಯ ನೆತ್ತಿಯ ಮೇಲೆ ಬರುವುದು ಮಧ್ಯಾಹ್ನ ಎರಡರ ಆಸುಪಾಸಿನಲ್ಲಿ. ಹನ್ನೆರಡಕ್ಕೆ ಊಟ ಮುಗಿಸಿ ಒಂದೂವರೆಗೆ ಸುತ್ತಲು ಹೊರಟರೆ ದಿನದ ಅತಿ ಚುರುಕು ಬಿಸಿಲಿಗೇ ತಲೆ ಕೊಟ್ಟಂತೆ. ನೆರಳಿನ ಮರಗಳೂ ಅಲ್ಲಿ ಕಡಿಮೆ. ಸಮುದ್ರದ ಗಾಳಿ ತಣ್ಣಗೆ ಬೀಸುವುದರಿಂದ ಚರ್ಮ ಸುಡುವುದು ಸಂಜೆಯವರೆಗೆ ಗೊತ್ತೇ ಆಗುವುದಿಲ್ಲ. ನನ್ನ ಕ್ರಮದಲ್ಲಿ ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕೂವರೆಯವರೆಗೆ ಯಾವ ತಾಣವೂ ಇಲ್ಲ. ಸಂಜೆ ನಾಲ್ಕೂವರೆಯಿಂದ ಎಂಟೂವರೆಯವರೆಗೆ ಧಾರಾಳ ಬೆಳಕು ಇದ್ದೇ ಇರುತ್ತದೆ.

ಮೋವಾಯ್ ವಿಗ್ರಹಗಳು ಯಾವ ದಿಕ್ಕಿಗೆ ನಿಂತಿವೆ ಎಂದು ತಿಳಿದರೆ ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ಆಹು ಎಂಬ ಕಲ್ಲುಕಟ್ಟೆಗಳ ಮೇಲೆ ಅವು ಸಾಮಾನ್ಯವಾಗಿ ಸಮುದ್ರಕ್ಕೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ನಿಲ್ಲುತ್ತವೆ. ತಹಾಯ್ ಇರುವುದು ಪಶ್ಚಿಮ ತೀರದಲ್ಲಿ, ಹಂಗಾ ರೋವಾದಿಂದ ನಡೆದೇ ಹೋಗಬಹುದು. ಮುಖ ಕಾಣಬೇಕಾದರೆ ಬೆಳಗ್ಗೆ ಹೋಗಿ, ಮುಳುಗುವ ಸೂರ್ಯನೆದುರು ಕಪ್ಪು ಆಕಾರ ಕಾಣಬೇಕಾದರೆ ಸಂಜೆ. ಬಂದಿಳಿದ ದಿನ ಇದಕ್ಕಿಂತ ಹೆಚ್ಚಿನದಕ್ಕೆ ಕೈಹಾಕಬೇಡಿ. ಹುಲ್ಲಿನ ಮೇಲೆ ಸುಮ್ಮನೆ ಕೂರುವ ಜಾಗ ಅದು. 15 ವಿಗ್ರಹಗಳ ತೊಂಗರಿಕಿ ಪೂರ್ವದ ತುದಿಯಲ್ಲಿದೆ. ಅಲ್ಲಿ ವಿಗ್ರಹಗಳ ಬೆನ್ನ ಹಿಂದೆ ಸೂರ್ಯ ಹುಟ್ಟುವುದು ಬೇಸಿಗೆಯಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಜೂನ್, ಜುಲೈನಲ್ಲಿ ಸೂರ್ಯ ಉತ್ತರಕ್ಕೆ ಸರಿದು ಪೊಯಿಕೆ ಬೆಟ್ಟದ ಕಡೆಯಿಂದ ಬರುತ್ತಾನೆ. ಆಗ ಕತ್ತಲಲ್ಲಿ ಎದ್ದು ಓಡುವ ಬದಲು ನಿದ್ದೆ ಮುಗಿಸಿ ಸಂಜೆಗೆ ಹೋಗಿ, ಮುಖಗಳ ಮೇಲೆ ಚೆನ್ನಾಗಿ ಬೆಳಕು ಬೀಳುತ್ತದೆ. 1960ರ ಸುನಾಮಿ ಈ ವಿಗ್ರಹಗಳನ್ನೆಲ್ಲ ಒಳನಾಡಿಗೆ ಎಸೆದಿತ್ತು. 1990ರ ದಶಕದಲ್ಲಿ ಜಪಾನಿನಿಂದ ಬಂದ ಕ್ರೇನ್ ಬಳಸಿ ಮತ್ತೆ ನಿಲ್ಲಿಸಿದರು. ಆಹು ಅಕಿವಿಯ ಏಳು ವಿಗ್ರಹಗಳು ಮಾತ್ರ ಒಳನಾಡಿನಲ್ಲಿದ್ದು ಪಶ್ಚಿಮಕ್ಕೆ, ಸಮುದ್ರದ ಕಡೆ ನೋಡುತ್ತವೆ. ಅದನ್ನು ಸಂಜೆಗೇ ಇಡಿ.

ರಾನೊ ರರಾಕು ಕಲ್ಲುಗಣಿಗೆ ಎರಡೂವರೆ ಗಂಟೆಗಿಂತ ಕಡಿಮೆ ಕೊಡಬೇಡಿ. ಬೆಳಗ್ಗೆ ಬೇಗ ಹೋದರೆ ಜನ ಕಡಿಮೆ. ಸುಮಾರು 400 ವಿಗ್ರಹಗಳು ಇಲ್ಲೇ ಉಳಿದುಬಿಟ್ಟಿವೆ. ಹೆಗಲವರೆಗೆ ಮಣ್ಣಿನಲ್ಲಿ ಹೂತವನ್ನು ನೋಡಿ ಮುಂದೆ ಹೋಗಿಬಿಡುವುದು ವಾಡಿಕೆ. ಸ್ವಲ್ಪ ಮೇಲೆ ಹತ್ತಿ, ಬಂಡೆಗೆ ಇನ್ನೂ ಅಂಟಿಕೊಂಡಿರುವ ಅರೆಬರೆ ವಿಗ್ರಹಗಳ ಮುಂದೆ ನಿಲ್ಲಿ. ಮುಖ, ಹೊಟ್ಟೆ, ಕೈ, ಎರಡೂ ಪಕ್ಕ ಕೆತ್ತಿ ಮುಗಿದಿದೆ. ಬೆನ್ನ ಕೆಳಗೆ ಮಾತ್ರ ಕಿರಿದಾದ ಕಲ್ಲಿನ ಪಟ್ಟಿಯೊಂದು ತಳಬಂಡೆಗೆ ಹಿಡಿದುಕೊಂಡಿದೆ. ಅದನ್ನು ಕಡಿದು, ವಿಗ್ರಹವನ್ನು ಇಳಿಜಾರಿನಲ್ಲಿ ಕೆಳಗಿಳಿಸಿ, ಬುಡದಲ್ಲಿ ನಿಲ್ಲಿಸಿಕೊಂಡು ಬೆನ್ನು ಕೆತ್ತುತ್ತಿದ್ದರು. ಪಕ್ಕದ ಗೋಡೆಯಲ್ಲಿ ತೊಕಿ ಎಂಬ ಗಟ್ಟಿ ಕಲ್ಲಿನ ಉಳಿಯ ಏಟುಗಳ ಗುಳಿಗಳು ಇಂದಿಗೂ ಕಾಣುತ್ತವೆ. ಇಲ್ಲಿನ ವಿಗ್ರಹಗಳಿಗೆ ಕಣ್ಣಿನ ಗುಳಿ ಇಲ್ಲ. ಕಟ್ಟೆಗೆ ಸಾಗಿಸಿ ನಿಲ್ಲಿಸಿದ ಮೇಲೆಯೇ ಕಣ್ಣು ಕೊರೆದು ಹವಳದ ಕಣ್ಣು ಕೂರಿಸುತ್ತಿದ್ದುದು. ಅತಿ ದೊಡ್ಡದು ಸುಮಾರು 21 ಮೀಟರ್ ಉದ್ದವಿದ್ದು, ಬಂಡೆಯಲ್ಲೇ ಮಲಗಿದೆ. 2022ರ ಅಕ್ಟೋಬರಿನ ಬೆಂಕಿ ಇಲ್ಲಿನ ಹಲವು ವಿಗ್ರಹಗಳಿಗೆ ಹಾನಿ ಮಾಡಿತು. ಗಣಿಯಿರುವ ಜ್ವಾಲಾಮುಖಿಯ ಕುಳಿಯೊಳಗಿನ ದಾರಿ ತೆರೆದಿದೆಯೇ ಎಂದು ಗೈಡನ್ನು ಮುಂಚೆಯೇ ಕೇಳಿ. ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು, ಬಲು ಮೆದು. ವಿಗ್ರಹ ಮುಟ್ಟುವುದು, ಆಹು ಹತ್ತುವುದು ಎರಡೂ ನಿಷಿದ್ಧ. ಆಹುಗಳಲ್ಲಿ ಹಿರಿಯರ ಅಸ್ಥಿಗಳಿವೆ, ಅಲ್ಲಿನವರಿಗೆ ಅದು ಇಂದಿಗೂ ಜೀವಂತ ಭಕ್ತಿಯ ವಿಷಯ. 2008ರಲ್ಲಿ ಅನಕೇನಾ ಕಡಲತೀರದಲ್ಲಿ ಒಬ್ಬ ಪ್ರವಾಸಿ ವಿಗ್ರಹವೊಂದರ ಕಿವಿಯ ಚೂರು ಮುರಿದು ಸಾವಿರಾರು ಡಾಲರ್ ದಂಡ ತೆತ್ತ.

ಒರೊಂಗೊಗೆ ಗಾಳಿ, ಮೋಡ ಕಡಿಮೆ ಇರುವ ದಿನವನ್ನೇ ಆರಿಸಿ. ಒಂದು ಪಕ್ಕ ರಾನೊ ಕಾವು ಜ್ವಾಲಾಮುಖಿಯ ಕುಳಿ, ಅಡ್ಡಗಲ ಸುಮಾರು ಒಂದೂವರೆ ಕಿ.ಮೀ.; ಇನ್ನೊಂದು ಪಕ್ಕ ಸಮುದ್ರಕ್ಕೆ ಕಡಿದಾದ ಪ್ರಪಾತ. ಮಂಜು ಮುಸುಕಿದರೆ ಎರಡೂ ಕಾಣುವುದಿಲ್ಲ, ಟಿಕೆಟ್ಟಿನ ಆ ಒಂದು ಸಲವೂ ಹೋಯಿತು. ಎದುರಿನ ಮೋಟು ನುಯಿ ಎಂಬ ನಡುಗಡ್ಡೆಗೆ ಈಜಿ, ವರ್ಷದ ಮೊದಲ ಕಡಲಹಕ್ಕಿಯ ಮೊಟ್ಟೆ ತರುವ ಸ್ಪರ್ಧೆ ಹಿಂದೆ ಇಲ್ಲಿಂದಲೇ ನಡೆಯುತ್ತಿತ್ತು.

ನಡುವಿನ ಒಂದು ದಿನ ಪೂರ್ತಿ ಅನಕೇನಾಗೆ. ಊರಿನಿಂದ ಸುಮಾರು 18 ಕಿ.ಮೀ. ಬಿಳಿ ಹವಳದ ಮರಳು, ತೆಂಗಿನ ತೋಪು, ಈಜಲು ಶಾಂತ ನೀರು. ಸಾರ್ವಜನಿಕ ಬಸ್ ಇಲ್ಲ. ಟ್ಯಾಕ್ಸಿಯವರೊಡನೆ ವಾಪಸ್ ಕರೆದೊಯ್ಯುವ ಹೊತ್ತನ್ನೂ ಹೊರಡುವಾಗಲೇ ಮಾತಾಡಿಕೊಳ್ಳಿ. ಕಾರು ಬಾಡಿಗೆಗೆ ತೆಗೆದುಕೊಂಡರೆ ವಿಮೆ ಸಿಗುವುದಿಲ್ಲ ಎಂಬುದು ನೆನಪಿರಲಿ, ರಸ್ತೆಯ ಮೇಲೆ ಕುದುರೆ, ದನಗಳು ಅಡ್ಡಾಡುತ್ತವೆ, ಕತ್ತಲಾದ ಮೇಲೆ ನಿಧಾನ. ಸಮುದ್ರದಲ್ಲಿ ಮಿಂದು ಬಂದ ಮೇಲೆ ಅಲ್ಲೇ ಇರುವ ‘ನೌ ನೌ’ ಎಂಬ ಹೆಸರಿನ ಆಹುವಿನ ಹಿಂಬದಿಗೂ ಒಂದು ಸುತ್ತು ಹೋಗಿ. ಶತಮಾನಗಳ ಕಾಲ ಮರಳಿನಲ್ಲಿ ಹೂತಿದ್ದರಿಂದ ವಿಗ್ರಹಗಳ ಬೆನ್ನಿನ ನಡುಪಟ್ಟಿಯ ಕೆತ್ತನೆ ಸ್ಪಷ್ಟವಾಗಿ ಉಳಿದಿದೆ. ಕಟ್ಟೆಯ ಗೋಡೆಯಲ್ಲಿ ಇವಕ್ಕಿಂತಲೂ ಹಳೆಯ ವಿಗ್ರಹವೊಂದರ ತಲೆಯನ್ನೇ ಕಲ್ಲಾಗಿ ಇಟ್ಟು ಕಟ್ಟಿದ್ದಾರೆ.

ಸಸ್ಯಾಹಾರಿಗಳಿಗೆ ಗೆಣಸು, ಕೆಸುವಿನ ಗೆಡ್ಡೆ, ಬಾಳೆಹಣ್ಣು ಹಾಕಿ ಬೇಯಿಸುವ ಪೊಯೆ ಎಂಬ ಸಿಹಿ ತಿನಿಸು, ಪುಟ್ಟ ಸಿಹಿ ಅನಾನಸ್ ಸಿಗುತ್ತವೆ. ಉಳಿದಂತೆ ಮೀನಿನದ್ದೇ ರಾಜ್ಯ. ಅಡುಗೆಮನೆ ಇರುವ ಕೋಣೆ ಹಿಡಿದು, ಅಕ್ಕಿ, ಬೇಳೆ, ತರಕಾರಿಯನ್ನು ಸ್ಯಾಂಟಿಯಾಗೊದಲ್ಲೇ ಕೊಳ್ಳಿ. ದ್ವೀಪಕ್ಕೆ ಬಹುಪಾಲು ಸಾಮಾನು ಹಡಗು, ವಿಮಾನದಲ್ಲೇ ಬರುವುದರಿಂದ ಅಲ್ಲಿ ಬೆಲೆ ಜಾಸ್ತಿ. ಭಾರತದಿಂದ ತಿಂಡಿ ಒಯ್ಯುವುದಾದರೆ ಚಿಲಿಯ ಕೃಷಿ ತಪಾಸಣೆಯ ಮುಂದೆ ಎಲ್ಲವನ್ನೂ ಘೋಷಿಸಿ. ಹಸಿ ಹಣ್ಣು, ಕಾಳು, ಬೀಜ, ಹಾಲಿನ ಪದಾರ್ಥವನ್ನು ಬರೆಯದೆ ಒಯ್ದು ಸಿಕ್ಕಿಬಿದ್ದರೆ ದಂಡ ಖಚಿತ. ಮೆಂತ್ಯ, ಸಾಸಿವೆ ಮನೆಯಲ್ಲೇ ಇರಲಿ. ಪ್ಲಗ್ಗು 220 ವೋಲ್ಟಿನದೇ ಆದರೂ ನಮ್ಮ ದಪ್ಪ ಮೂರು ಪಿನ್ ಅಲ್ಲಿ ಕೂರುವುದಿಲ್ಲ. ತೆಳ್ಳನೆಯ ಎರಡು ಪಿನ್ನಿನ ಚಾರ್ಜರ್ ನೇರವಾಗಿ ಕೂರುತ್ತದೆ. ಗಲ್ಲಕ್ಕೆ ದಾರ ಕಟ್ಟುವ ಟೋಪಿ, ಗಾಳಿ ತಡೆಯುವ ಜಾಕೆಟ್, ಎಟಿಎಂ ಕೈಕೊಟ್ಟರೂ ಎರಡು ದಿನ ನಡೆಯುವಷ್ಟು ಪೆಸೊ ನೋಟು ಸಾಕು.