ಕಾಗದದಲ್ಲಿ ‘ಪ್ರೆಜಿಡೆಂತ್’ ಅಂತ ಇದ್ದರೆ: ಪೋಲೆಂಡ್‌ನ ಗ್ಲಿವಿತ್ಸೆಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಹೋದ ವರ್ಷ ದಾವಣಗೆರೆ ಕಡೆಯ ಹುಡುಗನೊಬ್ಬ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. ಹಳೆ ಕಾರೊಂದನ್ನು ಕೊಂಡಿದ್ದ. “ಅಣ್ಣಾ, ಪ್ರೆಸಿಡೆಂಟ್ ಕಡೆಯಿಂದ ಕಾಗದ ಬಂದಿದೆ. ನಾನೇನಾದ್ರೂ ತಪ್ಪು ಮಾಡಿದೀನಾ?” ದನಿ ಸಣ್ಣಗೆ ನಡುಗುತ್ತಿತ್ತು. ಫೋಟೊ ಕಳಿಸು ಅಂದೆ. ನೋಡಿದರೆ ಕಾರಿನ ರಿಜಿಸ್ಟ್ರೇಷನ್ ಆದೇಶ, ಅಷ್ಟೇ. ಮೇಲ್ಗಡೆ ‘ಪ್ರೆಜಿಡೆಂತ್ ಮಿಯಾಸ್ತಾ’ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಅವರ ಪರವಾಗಿ ಗುಮಾಸ್ತೆಯೊಬ್ಬರ ಸಹಿ, ಕೆಂಪು ಮೊಹರು.

ಹೊಸಬರು ಮೊದಲು ತಿಳಿಯಬೇಕಾದ್ದು ಇದೇ. ಪೋಲೆಂಡ್‌ನಲ್ಲಿ ದೊಡ್ಡ ಊರಿನ ಮೇಯರ್‌ಗೆ ‘ಪ್ರೆಜಿಡೆಂತ್’ ಅನ್ನುತ್ತಾರೆ. ಸಣ್ಣ ಪಟ್ಟಣವಾದರೆ ‘ಬುರ್ಮಿಸ್ತ್ಜ್’, ಹಳ್ಳಿ ಕಡೆ ‘ವುಯ್ತ್’. ದೇಶದ ಅಧ್ಯಕ್ಷರೂ ಪ್ರೆಜಿಡೆಂತೇ, ಆದರೆ ಅವರು ವಾರ್ಸಾದಲ್ಲಿರುತ್ತಾರೆ, ನಿಮ್ಮ ಕಾರಿಗೂ ಅವರಿಗೂ ಸಂಬಂಧವಿಲ್ಲ. ನಿಮ್ಮ ಡ್ರೈವಿಂಗ್ ಲೈಸೆನ್ಸ್ ಕೊಡುವವರು, ವಿಳಾಸ ದಾಖಲಿಸುವವರು, ಮಗುವಿಗೆ ಶಿಶುವಿಹಾರದಲ್ಲಿ ಸೀಟಿನ ವ್ಯವಸ್ಥೆ ಮಾಡುವವರು ಊರಿನ ಪ್ರೆಜಿಡೆಂತ್‌ ಕೈಕೆಳಗಿನವರು.

ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಿಂದ ಬಂದವರಿಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ನಮ್ಮಲ್ಲಿ ಮೇಯರ್ ಅಂದರೆ ಒಂದೇ ವರ್ಷದ ಅವಧಿ. ಕಾರ್ಪೊರೇಟರ್‌ಗಳು ಆರಿಸುತ್ತಾರೆ, ಕಡತ ನಡೆಸುವುದು ಕಮಿಷನರ್. ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಮೇಯರ್ ಬದಲಾಗಿರುತ್ತಾರೆ. ಇಲ್ಲಿ ಹಾಗಲ್ಲ. 2002ರಿಂದ ಜನರೇ ನೇರವಾಗಿ ಮತ ಹಾಕಿ ಮೇಯರ್‌ನ ಆರಿಸುತ್ತಾರೆ. ಬಜೆಟ್, ಸಿಬ್ಬಂದಿ, ರಸ್ತೆ, ಶಾಲೆ ಎಲ್ಲದರ ಹೊಣೆ ಆ ಒಬ್ಬ ವ್ಯಕ್ತಿಯ ಮೇಲಿರುತ್ತದೆ. ಇದನ್ನು ಅರ್ಥಮಾಡಿಕೊಳ್ಳೋಕೆ ನಮ್ಮ ಊರಿನ ಜಿಗ್ಮುಂಟ್ ಫ್ರಾಂಕಿಯೆವಿಚ್ ಅವರ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದಕ್ಕೇ ಹೊಸಬರು ಯಾರೇ ಬಂದರೂ ಕಾಫಿ ಕೊಟ್ಟು ಇದನ್ನು ಹೇಳುತ್ತೇನೆ.

ಅವರು 1955ರಲ್ಲಿ ಇದೇ ಗ್ಲಿವಿತ್ಸೆಯಲ್ಲಿ ಹುಟ್ಟಿದವರು. ಎಂಜಿನಿಯರ್. ನಿಮ್ಮಲ್ಲಿ ಹಲವರು ಓದೋಕೆ ಬರುವ ಸೈಲೇಷಿಯನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲೇ ಓದಿ, ಅಲ್ಲೇ ಡಾಕ್ಟರೇಟ್ ಪಡೆದು, ಅಲ್ಲೇ ಪಾಠ ಮಾಡಿದವರು. 1993ರಲ್ಲಿ ನಗರಸಭೆ ಅವರನ್ನು ಮೇಯರ್ ಮಾಡಿತು. ನೇರ ಚುನಾವಣೆ ಬಂದ ಮೇಲೆ 2002, 2006, 2010, 2014, 2018, ಐದು ಸಲವೂ ಜನ ಅವರನ್ನೇ ಗೆಲ್ಲಿಸಿದರು. ಒಟ್ಟು 26 ವರ್ಷ! ಒಂದು ಮಗು ಹುಟ್ಟಿ, ಓದಿ, ಕೆಲಸಕ್ಕೆ ಸೇರುವವರೆಗೂ ಊರಿಗೆ ಒಬ್ಬರೇ ಮೇಯರ್.

ಅವರು ಬಂದಾಗ ಊರಿನ ಸ್ಥಿತಿ ಕಷ್ಟದ್ದು. ಇದು ಕಲ್ಲಿದ್ದಲಿನ ಸೀಮೆ. ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಗಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. 1996ರಲ್ಲಿ ಹತ್ತಿರದ ದೊಡ್ಡ ಊರು ಕತೊವಿತ್ಸೆಯ ಹೆಸರಿನ ವಿಶೇಷ ಆರ್ಥಿಕ ವಲಯ ಶುರುವಾಯಿತು, ಅದರ ಒಂದು ಭಾಗ ಗ್ಲಿವಿತ್ಸೆಗೆ ಬಂತು. 1998ರಲ್ಲಿ ಒಪೆಲ್ ಕಾರು ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಹಿಂದೆ ಬಿಡಿಭಾಗದವರು, ಗೋದಾಮಿನವರು ಬಂದರು. ಉತ್ತರ-ದಕ್ಷಿಣದ ಎ1, ಪೂರ್ವ-ಪಶ್ಚಿಮದ ಎ4, ಎರಡೂ ಹೆದ್ದಾರಿ ಊರ ಪಕ್ಕದಲ್ಲೇ ಕೂಡುವುದೂ ದೊಡ್ಡ ಅನುಕೂಲವಾಯಿತು. ಬೊಯ್ಕೊಫ್ಸ್ಕಾ ರಸ್ತೆಯ ‘ನೊವೆ ಗ್ಲಿವಿತ್ಸೆ’ಯಲ್ಲಿ ನಿಮಗೆ ಐಟಿ ಕೆಲಸ ಸಿಕ್ಕಿದ್ದರೆ ಒಂದು ಸಲ ಆ ಕಟ್ಟಡವನ್ನು ಸರಿಯಾಗಿ ನೋಡಿ. ಕೆಂಪು ಇಟ್ಟಿಗೆ, ಎತ್ತರದ ಕಿಟಕಿಗಳು. ಅದು ಹಳೇ ಗಣಿಯ ಯಂತ್ರಗಳಿದ್ದ ಮನೆ. ಅದನ್ನು ಕೆಡವದೆ ದುರಸ್ತಿ ಮಾಡಿ ಕಚೇರಿಗಳಿಗೆ ಕೊಟ್ಟರು. ಗಣಿ ಕೆಲಸಗಾರರು ಓಡಾಡುತ್ತಿದ್ದ ಜಾಗದಲ್ಲಿ ಇವತ್ತು ನಮ್ಮ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಓಡಾಡುತ್ತಾರೆ. ನನಗಂತೂ ಅದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಎಲ್ಲವೂ ಹೂವಿನ ದಾರಿ ಆಗಿರಲಿಲ್ಲ. 1894ರಿಂದ ಓಡಾಡಿದ್ದ ಟ್ರಾಮನ್ನು 2009ರ ಸೆಪ್ಟೆಂಬರ್‌ನಲ್ಲಿ ಊರ ಮಧ್ಯದಿಂದ ತೆಗೆದು ಬಸ್ ಹಾಕಿದರು. ಜನಕ್ಕೆ ತುಂಬಾ ಸಿಟ್ಟು ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಮೇಯರನ್ನು ಕೆಳಗಿಳಿಸಬೇಕೇ ಎಂದು ಜನಮತ ನಡೆಯಿತು. ಹೌದು, ಇಲ್ಲಿ ಸಹಿ ಸಂಗ್ರಹಿಸಿ, ಅವಧಿಯ ನಡುವೆಯೇ ಮೇಯರನ್ನು ಇಳಿಸಬಹುದು! ಆದರೆ ಮೇಯರನ್ನು ಆರಿಸಿದ ಚುನಾವಣೆಯಲ್ಲಿ ಎಷ್ಟು ಜನ ಮತ ಹಾಕಿದ್ದರೋ ಅದರ ಐದರಲ್ಲಿ ಮೂರು ಪಾಲು ಜನವಾದರೂ ಬರಬೇಕು. ಅಷ್ಟು ಜನ ಬರಲಿಲ್ಲ, ಅವರು ಉಳಿದರು. ಇಲ್ಲಿನ ಅಜ್ಜಿಯರ ಹತ್ತಿರ ಟ್ರಾಮ್ ಸುದ್ದಿ ಎತ್ತಿ ನೋಡಿ, ಅರ್ಧ ಗಂಟೆ ಬಿಡುವುದಿಲ್ಲ. ನನಗೂ ಅದು ತಪ್ಪು ನಿರ್ಧಾರ ಅನ್ನಿಸುತ್ತದೆ. ಹಳೇ ಕಾಲುವೆಯ ಜಾಡಿನಲ್ಲಿ ಊರ ನಡುವೆ ಹಾಯಿಸಿ 2016ರಲ್ಲಿ ಮುಗಿಸಿದ ವೇಗದ ರಸ್ತೆಯಿಂದ ಕತೊವಿತ್ಸೆ ಹತ್ತಿರವಾಯಿತು ನಿಜ. ಅದು ಊರನ್ನು ಸೀಳಿತು ಅನ್ನುವವರ ಮಾತೂ ಸುಳ್ಳಲ್ಲ. 2018ರಲ್ಲಿ ತೆರೆದ ಒಳಾಂಗಣ ಕ್ರೀಡಾಂಗಣ ಅರೆನಾ ಗ್ಲಿವಿತ್ಸೆ ಬಗ್ಗೆ ಮಾತ್ರ ನನ್ನ ತಕರಾರಿಲ್ಲ.

ಇನ್ನು ವಾರ್ಸಾದ ಮಾತು. 2019ರಲ್ಲಿ ಫ್ರಾಂಕಿಯೆವಿಚ್ ಮೇಯರ್ ಆಗಿದ್ದಾಗಲೇ ಸೆನೆಟ್ ಚುನಾವಣೆಗೆ ನಿಂತರು. ಯಾಕೆ? ಹಣಕ್ಕಾಗಿ. ಸ್ವಂತದ ಹಣಕ್ಕಲ್ಲ, ಊರುಗಳ ಹಣಕ್ಕೆ. ನಾವು ಕಟ್ಟುವ ಆದಾಯ ತೆರಿಗೆಯಲ್ಲಿ ಒಂದು ದೊಡ್ಡ ಪಾಲು ನಾವು ವಾಸಿಸುವ ಊರಿಗೆ ಹೋಗುತ್ತದೆ. ಆ ವರ್ಷ ಸರ್ಕಾರ 26 ವರ್ಷದೊಳಗಿನವರಿಗೆ ತೆರಿಗೆ ಮಾಫಿ ಮಾಡಿತು, ಉಳಿದವರಿಗೂ ಕೆಳಗಿನ ದರವನ್ನು ಶೇ. 18ರಿಂದ 17ಕ್ಕೆ ಇಳಿಸಿತು. ಜೇಬಿಗೆ ಹಿತ, ಆದರೆ ಊರಿನ ಬೊಕ್ಕಸಕ್ಕೆ ಏಟು. ಫ್ರಾಂಕಿಯೆವಿಚ್ ಆಗ ಪೋಲೆಂಡ್ ನಗರಗಳ ಒಕ್ಕೂಟಕ್ಕೆ ಅಧ್ಯಕ್ಷರೂ ಆಗಿದ್ದರು. ಕಾನೂನು ಮಾಡುವ ಜಾಗದಲ್ಲಿ ಊರುಗಳ ಪರ ಮಾತಾಡುವವರು ಬೇಕು ಅನ್ನುವ ಕೂಗು ಮೇಯರ್‌ಗಳಲ್ಲೇ ಎದ್ದಿತ್ತು. 2002ರಿಂದ ನೊವಾ ಸುಲ್ ಊರಿನ ಮೇಯರ್ ಆಗಿದ್ದ ವಾದಿಮ್ ತಿಶ್ಕಿಯೆವಿಚ್ ಕೂಡ ಆಗಲೇ ಸೆನೆಟ್‌ಗೆ ಹೋದರು.

ಸೆನೆಟ್ ಅಂದರೆ ನಮ್ಮ ರಾಜ್ಯಸಭೆ ಥರದ ಮೇಲ್ಮನೆ. ಆದರೆ ಇಲ್ಲಿ 100 ಸದಸ್ಯರನ್ನೂ ಜನರೇ ಆರಿಸುತ್ತಾರೆ, ಒಂದು ಕ್ಷೇತ್ರಕ್ಕೆ ಒಬ್ಬರು. 2019ರ ಅಕ್ಟೋಬರ್ 13ರ ಚುನಾವಣೆಯಲ್ಲಿ ಆಳುವ ಪಕ್ಷಕ್ಕೆ ಸೆನೆಟ್‌ನಲ್ಲಿ ಸಿಕ್ಕಿದ್ದು 48 ಸೀಟು. ಅಂಥ ತೆಳುವಾದ ಅಂತರದ ಲೆಕ್ಕದಲ್ಲಿ ಒಬ್ಬೊಬ್ಬ ಸೆನೆಟರ್ ಮತಕ್ಕೂ ಬೆಲೆ ಇತ್ತು. ಗೆದ್ದ ಕೂಡಲೇ ಕಾನೂನಿನಂತೆ ಫ್ರಾಂಕಿಯೆವಿಚ್ ಅವರ ಮೇಯರ್ ಹುದ್ದೆ ಹೋಯಿತು. 2020ರ ಜನವರಿಯಲ್ಲಿ ಮರುಚುನಾವಣೆ ನಡೆದು ಅವರ ಉಪಮೇಯರ್ ಆಗಿದ್ದ ಆದಮ್ ನೊಯ್ಮನ್ ಬಂದರು. 2024ರಿಂದ ಕತಜೀನಾ ಕುಚಿನ್ಸ್ಕಾ-ಬುದ್ಕಾ ಮೇಯರ್. ಫ್ರಾಂಕಿಯೆವಿಚ್ 2023ರಲ್ಲಿ ಮತ್ತೆ ಸೆನೆಟ್‌ಗೆ ಗೆದ್ದರು. ಊರುಗಳಿಗೆ ಹಣ ಹಂಚುವ ಕಾನೂನು ಕೂಡ ಬದಲಾಯಿತು. 2025ರ ಜನವರಿಯಿಂದ ಊರಿನ ಪಾಲನ್ನು ತೆರಿಗೆ ಮೊತ್ತದ ಮೇಲಲ್ಲ, ಅಲ್ಲಿ ವಾಸಿಸುವವರ ಆದಾಯದ ಮೇಲೆ ಲೆಕ್ಕ ಹಾಕುತ್ತಾರೆ. ಸರ್ಕಾರ ತೆರಿಗೆ ಇಳಿಸಿದರೂ ಊರಿಗೆ ಮೊದಲಿನಷ್ಟು ಪೆಟ್ಟು ಬೀಳುವುದಿಲ್ಲ.

26 ವರ್ಷದ ಮೇಯರ್‌ಗಿರಿ ಇನ್ನು ಮುಂದೆ ಯಾರಿಗೂ ಸಿಗುವುದಿಲ್ಲ. 2018ರ ಚುನಾವಣೆಯಿಂದ ಅವಧಿ ಐದು ವರ್ಷ, ಒಬ್ಬರಿಗೆ ಎರಡೇ ಸಲ. ಒಬ್ಬರೇ ಅಷ್ಟು ದಿನ ಕೂತರೆ ಕೆಲಸ ಗಟ್ಟಿಯಾಗಿ ಆಗುತ್ತದೆ, ಆದರೆ ಬೇರೆಯವರ ಮಾತಿಗೆ ಜಾಗ ಕಮ್ಮಿಯಾಗುತ್ತದೆ. ನನ್ನ ಪ್ರಕಾರ ಮಿತಿ ಇರುವುದೇ ಒಳ್ಳೆಯದು.

ಇದರಿಂದ ನಿಮಗೇನು ಉಪಯೋಗ ಅಂತೀರಾ? ತೆರಿಗೆ ರಿಟರ್ನ್ ತುಂಬುವಾಗ ನೀವು ನಿಜವಾಗಿ ಇರುವ ಊರಿನ ವಿಳಾಸವನ್ನೇ ಹಾಕಿ. ಮೊದಲು ವ್ರೊತ್ಸ್ವಾಫ್‌ನಲ್ಲಿದ್ದು ಆಮೇಲೆ ಇಲ್ಲಿಗೆ ಬಂದವರು ಹಳೇ ವಿಳಾಸವನ್ನೇ ಬಿಟ್ಟಿರುತ್ತಾರೆ. ಆಗ ನಿಮ್ಮ ಲೆಕ್ಕದ ಪಾಲು ಆ ಊರಿಗೆ ಹೋಗುತ್ತದೆ, ನಿಮ್ಮ ಮಗುವಿನ ಶಾಲೆ ಇರುವ ಊರಿಗಲ್ಲ. ಭಾರತದ ಪಾಸ್‌ಪೋರ್ಟ್ ಇರುವ ತನಕ ಮೇಯರ್‌ಗಾಗಲಿ ಸೆನೆಟರ್‌ಗಾಗಲಿ ನಾವು ಮತ ಹಾಕುವ ಹಾಗಿಲ್ಲ. ಆದರೆ ‘ಬುಜೆತ್ ಒಬಿವಾತೆಲ್ಸ್ಕಿ’ಯಲ್ಲಿ, ಅಂದರೆ ಊರಿನ ಬಜೆಟ್‌ನ ಒಂದು ಪಾಲನ್ನು ಯಾವ ಕೆಲಸಕ್ಕೆ ಖರ್ಚು ಮಾಡಬೇಕೆಂದು ನಿವಾಸಿಗಳೇ ಮತ ಹಾಕಿ ಹೇಳುವ ವ್ಯವಸ್ಥೆಯಲ್ಲಿ, ನಾವೂ ನಿವಾಸಿಗಳೇ. ಬೀದಿಯ ಆಟದ ಮೈದಾನಕ್ಕೆ ಮತ ಹಾಕಿ. ದಯವಿಟ್ಟು ಬಿಡಬೇಡಿ.

ಕಾರ್ತಾ ಪೊಬಿತುಗಾಗಿ, ಅಂದರೆ ರೆಸಿಡೆನ್ಸ್ ಕಾರ್ಡ್‌ಗಾಗಿ, ಮೇಯರ್ ಕಚೇರಿಗೆ ಹೋಗಿ ಸುಮ್ನೆ ನಿಲ್ಲಬೇಡಿ. ಅದು ಕೇಂದ್ರ ಸರ್ಕಾರದ ಪ್ರತಿನಿಧಿ ವೊಯೆವೊದಾ ಕೆಲಸ, ಕಚೇರಿ ಕತೊವಿತ್ಸೆಯಲ್ಲಿ. ಮೇಯರ್ ಕಚೇರಿಯಲ್ಲಿ ಮೊದಲು ಆಗಬೇಕಾದ್ದು ಮೆಲ್ದುನೆಕ್, ಅಂದರೆ ವಿಳಾಸ ನೋಂದಣಿ. 30 ದಿನಕ್ಕಿಂತ ಜಾಸ್ತಿ ಇರುವವರು ಬಂದ ನಾಲ್ಕನೇ ದಿನದೊಳಗೆ ಮಾಡಿಸಬೇಕು. ಅದರ ಜೊತೆಗೇ ಪೆಸೆಲ್, ಅಂದರೆ ಇಲ್ಲಿನ ಗುರುತಿನ ನಂಬರೂ ಸಿಗುತ್ತದೆ. ದುಡ್ಡು ಕೊಡಬೇಕಾಗಿಲ್ಲ. ನನ್ನ ಮೊದಲ ಮನೆಯ ಮಾಲೀಕರು ಸಹಿಗಾಗಿ ಮೂರು ವಾರ ಅಲೆದಾಡಿಸಿದ್ದರು. ಹಾಗಾಗಿ ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆಯೇ ಮೆಲ್ದುನೆಕ್‌ಗೆ ಒಪ್ಪಿಗೆ ಕೇಳಿ.

ಕಚೇರಿ ಇರುವುದು ಜ್ವಿಚೆನ್‌ಸ್ತ್ವಾ ರಸ್ತೆ, 21ನೇ ನಂಬರ್. ರೈಲ್ವೆ ಸ್ಟೇಷನ್‌ನಿಂದ ಹಳೇ ಪೇಟೆ ಚೌಕದ ಕಡೆಗೆ ನಡೆದರೆ ದಾರಿಯಲ್ಲೇ ಸಿಗುತ್ತದೆ. ಹಿಂದೆ ದೊಡ್ಡ ಹೋಟೆಲ್ ಆಗಿದ್ದ ಕಟ್ಟಡ. ಪಾಸ್‌ಪೋರ್ಟ್, ವೀಸಾ, ಬಾಡಿಗೆ ಕರಾರು, ಮಾಲೀಕರ ಸಹಿ ಇರುವ ಫಾರಂ ತಗೊಂಡು ಹೋಗಿ. ಟೋಕನ್ ತೆಗೆದುಕೊಂಡು ಕೂತುಕೊಳ್ಳಿ. ಸರದಿ ಬಂದಾಗ ಮೊದಲು ‘ಜಿಯೆನ್ ದೊಬ್ರಿ’, ಅಂದರೆ ನಮಸ್ಕಾರ, ಅನ್ನಿ, ಆಮೇಲೆ ಕಾಗದ ಮುಂದಿಡಿ. ಪೋಲಿಷ್ ಬಾರದಿದ್ದರೆ ನನಗೆ ಹಿಂದಿನ ದಿನವೇ ಒಂದು ಮಾತು ಹೇಳಿ, ಜೊತೆಗೆ ಬರುತ್ತೇನೆ.