ಗೊರಗೊರ ಮೂಗಿನದೋ ಎದೆಯದೋ? ಮಣಿಸರ ಹಿಡಿದು ಉಸಿರು ಎಣಿಸಿದ ನನ್ನ ಅನುಭವ

"ಮಗೀಗೆ ಕಫ ಕಟ್ಕಂಡದೆ ಕಣವ್ವ, ರಾತ್ರಿಯೆಲ್ಲ ಗೊರಗೊರ ಅಂತದೆ." ಮಂಡ್ಯ ಸುತ್ತಿನ ಯಾವ ಹಳ್ಳಿಗೆ ಬಾಣಂತಿ ನೋಡಲು ಹೋದರೂ ಈ ಮಾತು ಕೇಳದೆ ವಾಪಸು ಬಂದದ್ದಿಲ್ಲ. ಬಹುಪಾಲು ಸಲ ಅದು ಎದೆಯ ಕಫವಲ್ಲ, ಮೂಗಿನ ಸದ್ದು. ಅಪರೂಪಕ್ಕೆ ಎದೆಯದೇ ಆಗಿರುತ್ತದೆ, ಆಗ ತಡಮಾಡಿದರೆ ಮಗು ಕೈತಪ್ಪುತ್ತದೆ. ಈ ಎರಡನ್ನೂ ಮನೆಯವರೇ ಬೇರೆ ಮಾಡಿ ನೋಡಬಲ್ಲರು, ಎದೆಗೆ ಸ್ಟೆತೊಸ್ಕೋಪ್ ಇಡುವ ಅಗತ್ಯವಿಲ್ಲ ಎಂದಾಗ ಒಪ್ಪಿದವರು ಕಡಿಮೆ. "ಓದು ಬಾರದ ಅಜ್ಜಿ ನಿಮಿಷಕ್ಕೆ ಅರವತ್ತು ಎಣಿಸ್ತಾರಾ?" ಎಂದು ಜೊತೆಯವರೇ ಕೇಳಿದರು. ಈಗ ಎಣಿಸುತ್ತಿದ್ದಾರೆ. ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಎರಡು ಮೂರು ಉಸಿರಿನ ವ್ಯತ್ಯಾಸ ಬಂದರೆ ಹೆಚ್ಚು. ಆ ಮಟ್ಟಕ್ಕೆ ಬರಲು ಏನೇನು ಕೆಟ್ಟಿತು ಎಂಬುದನ್ನು ಬರೆಯುತ್ತೇನೆ. 3, 7, 14, 21, 28, 42ನೇ ದಿನದ ಮನೆಭೇಟಿ ಮಾಡುವ ಆಶಾ ಕಾರ್ಯಕರ್ತೆಯರಿಗೆ, ಉಪಕೇಂದ್ರದ ಸಿಸ್ಟರ್‌ಗಳಿಗೆ ಮೂಲ ಪಾಠ ಗೊತ್ತೇ ಇರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

ಮೊದಲು ಎಣಿಕೆ. ಗಡಿ ಎಲ್ಲರಿಗೂ ಬಾಯಿಪಾಠ: 2 ತಿಂಗಳೊಳಗೆ ನಿಮಿಷಕ್ಕೆ 60 ಉಸಿರು, 2 ತಿಂಗಳಿಂದ 1 ವರ್ಷದವರೆಗೆ 50, 1ರಿಂದ 5 ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ವೇಗದ ಉಸಿರು, ಎದೆಯ ತೊಂದರೆಯ ಅನುಮಾನ. ಮೊದಲ ಪ್ರಯತ್ನ ಹುಣಸೆ ಬೀಜದಲ್ಲಿ: ಉಸಿರಿಗೊಂದು ಬೀಜ ಬಟ್ಟಲಿಗೆ ಹಾಕುವುದು, ನಿಮಿಷ ಮುಗಿದ ಮೇಲೆ ನಿಧಾನವಾಗಿ ಎಣಿಸುವುದು. ಖರ್ಚು ಸೊನ್ನೆ, ಫಲವೂ ಸೊನ್ನೆ. ನಿಮಿಷಕ್ಕೆ ನಲವತ್ತು ದಾಟಿದರೆ ಬೀಜ ಹೆಕ್ಕುವ ಕೈ ಹಿಂದೆ ಬೀಳುತ್ತದೆ, ಕಣ್ಣು ಮಗುವಿನ ಹೊಟ್ಟೆ ಬಿಟ್ಟು ಬಟ್ಟಲಿನ ಕಡೆ ಹೋಗುತ್ತದೆ. ಬೀಜ ಬಟ್ಟಲಿಗೆ ಬಿದ್ದ ಸದ್ದಿಗೆ ಮಗು ಎದ್ದದ್ದೂ ಉಂಟು.

ಆಮೇಲೆ ಮಣಿಸರ: ಉಸಿರಿಗೊಂದು ಮಣಿ ಸರಿಸುವುದು. ಮೊದಲ ಕಂತಿನಲ್ಲಿ ಇಪ್ಪತ್ತೈದು ಸರ, ಸಣ್ಣ ಗಾಜಿನ ಮಣಿ, ಹತ್ತಿ ದಾರ. ಸುಮಾರು ಒಂಬೈನೂರು ರೂಪಾಯಿ ನೀರಿನಲ್ಲಿ ಹೋಯಿತು. ಹತ್ತಿ ದಾರಕ್ಕೆ ಬೆವರು ತಾಗಿದರೆ ಮಣಿ ಜಾರುವುದಿಲ್ಲ. ಸಣ್ಣ ಮಣಿಯಾದರೆ ವಯಸ್ಸಾದವರ ಬೆರಳಿಗೆ ಒಟ್ಟಿಗೆ ಎರಡು ಸಿಗುತ್ತವೆ. ಇನ್ನೂ ದೊಡ್ಡ ತಪ್ಪು ಬಣ್ಣದ ಲೆಕ್ಕದಲ್ಲಿತ್ತು. 40 ಬಿಳಿ, 10 ನೀಲಿ, 10 ಹಳದಿ, ಆಮೇಲೆ ಕೆಂಪು ಎಂದು ಪೋಣಿಸಿದ್ದೆ. ಹಾಗೆ ಪೋಣಿಸಿದರೆ 60ನೇ ಉಸಿರು ಹಳದಿಯಲ್ಲೇ ಮುಗಿಯುತ್ತದೆ, ಕೆಂಪು ಶುರುವಾಗುವುದು 61ಕ್ಕೆ. ಗಡಿ 60ಕ್ಕೇ ಇರುವುದರಿಂದ ಕೆಂಪು ಮಣಿ 60ನೆಯದಾಗಬೇಕು. ಈಗಿನ ಸರದಲ್ಲಿ 39 ಬಿಳಿ, 10 ನೀಲಿ, 10 ಹಳದಿ, 20 ಕೆಂಪು, ಒಟ್ಟು 79. ವರ್ಷ ದಾಟಿದ ಮಗುವಿಗೆ ಕೈ ನೀಲಿ ಮುಟ್ಟಿದರೆ, ವರ್ಷದೊಳಗಿನದಕ್ಕೆ ಹಳದಿ ಮುಟ್ಟಿದರೆ, ಎರಡು ತಿಂಗಳೊಳಗಿನದಕ್ಕೆ ಎರಡು ಸಲ ಎಣಿಸಿದಾಗಲೂ ಕೆಂಪು ಮುಟ್ಟಿದರೆ ಆಸ್ಪತ್ರೆಗೆ ಹೊರಡಬೇಕು. ಅಂಕಿ ಓದಬೇಕಾಗಿಲ್ಲ, ಬಣ್ಣ ಗೊತ್ತಾದರೆ ಸಾಕು.

ಮರದ ಮಣಿ, ಕಡಲೆಕಾಳಿಗಿಂತ ತುಸು ದಪ್ಪ, ನೈಲಾನ್ ದಾರ. ಮೈಸೂರಿನ ಸಂತೆಪೇಟೆ, ಶಿವರಾಂಪೇಟೆ ಕಡೆ ಬಿಡಿಯಾಗಿ ಸಿಕ್ಕರೆ ಸರಕ್ಕೆ ನಲವತ್ತು ರೂಪಾಯಿ ಒಳಗೇ ಆಗುತ್ತದೆ. ದಾರದಲ್ಲಿ ಒಂದು ಗೇಣು ಖಾಲಿ ಬಿಡಬೇಕು, ಇಲ್ಲದಿದ್ದರೆ ಮಣಿ ಸರಿಸಲು ಜಾಗವಿಲ್ಲ. ಎರಡು ತುದಿಗೂ ಎರಡೆರಡು ಗಂಟು. ನಿಮಿಷಕ್ಕೆ ಫೋನಿನ ಟೈಮರ್ ಇಟ್ಟು, ಸದ್ದು ಬೇಡವೆಂದು ಕಂಪನಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು.

ಎಣಿಸುವುದು ಪೂರ್ತಿ ಒಂದು ನಿಮಿಷ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಎಳೆಮಕ್ಕಳಲ್ಲಿ ನಡೆಯುವುದಿಲ್ಲ. ಹುಟ್ಟಿದ ಹೊಸತರಲ್ಲಿ ನಿದ್ದೆಯ ಅರ್ಧದಷ್ಟು ರೆಪ್ಪೆಯೊಳಗೆ ಕಣ್ಣು ಓಡಾಡುವ ಹಗುರ ನಿದ್ದೆ. ಅದರಲ್ಲಿ ಉಸಿರು ನಾಲ್ಕು ಸಲ ಜೋರಾಗಿ ಓಡುತ್ತದೆ, ಆಮೇಲೆ 5ರಿಂದ 10 ಸೆಕೆಂಡ್ ನಿಲ್ಲುತ್ತದೆ, ಮತ್ತೆ ತಾನಾಗಿ ಹೊರಡುತ್ತದೆ. ಆ ಬಿಡುವಿನಲ್ಲಿ ಎಣಿಸಿದರೆ ಕಡಿಮೆ, ಓಟದಲ್ಲಿ ಎಣಿಸಿದರೆ ವಿಪರೀತ ಹೆಚ್ಚು. 60 ಮುಟ್ಟಿದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ, ಎರಡನೆಯ ಸಲವೂ ಮುಟ್ಟಿದರೆ ಮಾತ್ರ ಲೆಕ್ಕಕ್ಕೆ. ನಿಲುಗಡೆ 20 ಸೆಕೆಂಡ್ ಮುಟ್ಟಿದರೆ, ಅಥವಾ ಅದಕ್ಕೂ ಮೊದಲೇ ತುಟಿ ನಾಲಿಗೆ ನೀಲಿಯಾದರೆ ಎಣಿಕೆ ಅಲ್ಲಿಗೇ ಬಿಟ್ಟು 108ಕ್ಕೆ ಫೋನ್ ಮಾಡಬೇಕು.

ಸದ್ದಿನ ಜೋರನ್ನು ನಂಬಿ ಕೆಟ್ಟವರೇ ಹೆಚ್ಚು. ಪಕ್ಕದ ಕೋಣೆಗೆ ಕೇಳುವ ಗೊರಗೊರ ಬಹಳ ಸಲ ನಿರಪಾಯ. ಕಿವಿ ಹತ್ತಿರ ತಂದರೆ ಮಾತ್ರ ಕೇಳುವ ಸಣ್ಣ ನರಳಾಟ ಅಪಾಯ. ಸದ್ದು ಉಸಿರು ಒಳಗೆ ಹೋಗುವಾಗ ಬರುತ್ತದೋ, ಹೊರಗೆ ಬರುವಾಗ ಬರುತ್ತದೋ ಎಂಬುದೇ ಕೀಲಿಕೈ. ಹೊಟ್ಟೆ ಏರಿದರೆ ಒಳಗೆ, ಇಳಿದರೆ ಹೊರಗೆ. ಬರೀ ಕಣ್ಣಿಗೆ ಗೊಂದಲವಾಗುತ್ತದೆಂದು ಸ್ಟಿಕರ್ ಬೊಟ್ಟು ಹಚ್ಚುವುದನ್ನು ಶುರುಮಾಡಿದೆ. ಹೊಕ್ಕುಳಿನ ಮೇಲೆ ಎರಡು ಬೆರಳು ಬಿಟ್ಟು ಒಂದು, ಪಕ್ಕೆಲುಬಿನ ಕೆಳ ಅಂಚಿಗೆ ಇನ್ನೊಂದು. ಉಸಿರೆಳೆದಾಗ ಎರಡೂ ಒಟ್ಟಿಗೆ ಏಳಬೇಕು. ಹೊಟ್ಟೆಯ ಬೊಟ್ಟು ಏಳುವಾಗ ಪಕ್ಕೆಯ ಬೊಟ್ಟು ಒಳಕ್ಕೆ ಕುಸಿದರೆ ಅದೇ ನಮ್ಮವರು ಹೇಳುವ ಪಕ್ಕೆ ಸೆಳೆತ. ಎರಡು ತಿಂಗಳೊಳಗಿನ ಮಗುವಿಗೆ ಎದೆಗೂಡು ಮೆತ್ತಗಿರುವುದರಿಂದ ಸ್ವಲ್ಪ ಸೆಳೆತ ಇದ್ದೇ ಇರುತ್ತದೆ, ಆಳವಾಗಿ ಎದ್ದು ಕಾಣುವಂತಿದ್ದರೆ ಮಾತ್ರ ಲೆಕ್ಕ. ಕೆಲಸ ಮುಗಿದ ತಕ್ಷಣ ಬೊಟ್ಟು ಕಿತ್ತು ಎಸೆಯಿರಿ, ಮಗು ಬಾಯಿಗೆ ಹಾಕಿಕೊಂಡೀತು. ನಿದ್ದೆ ಕೆಡದಂತೆ ಅಂಗಿ ಎತ್ತುವ ಕೈಚಳಕ ಒಂದಿದೆ, ಅದು ಬರೆದರೆ ಬರುವಂಥದ್ದಲ್ಲ. ಎದುರಿಗೆ ಸಿಕ್ಕವರಿಗೆ ತೋರಿಸುತ್ತೇನೆ.

ಈಗ ಸದ್ದುಗಳು. ಒಳಗೂ ಹೊರಗೂ ಎರಡೂ ಕಡೆ ಗೊರಗುಟ್ಟಿ, ಹಾಲು ಕುಡಿಯುವಾಗ ಹೆಚ್ಚಾಗಿ, ಬಾಯಿ ತೆರೆದು ಅತ್ತಾಗ ಕಡಿಮೆಯಾದರೆ ಮೂಗು. ಮೊದಲ ಕೆಲವು ತಿಂಗಳು ಮಕ್ಕಳು ಮುಖ್ಯವಾಗಿ ಮೂಗಿನಲ್ಲೇ ಉಸಿರಾಡುತ್ತವೆ. ಮೂಗಿನ ದಾರಿಯೂ ಕಿರಿದು, ಚೂರು ಸಿಂಬಳಕ್ಕೇ ಅಷ್ಟು ಸದ್ದು. ಖಾತ್ರಿ ಮಾಡಿಕೊಳ್ಳಲು 0.65 ಶೇಕಡಾ ಸಲೈನ್ ಹನಿ, ಹೊಳ್ಳೆಗೆ ಎರಡೆರಡು, ಒಂದೆರಡು ನಿಮಿಷ ಕಾದು ಮತ್ತೆ ಕೇಳಿ. ಸದ್ದು ಅರ್ಧಕ್ಕಿಳಿದರೆ ಅನುಮಾನವೇ ಬೇಡ. ಸೀಸೆಗೆ ಐವತ್ತು ಅರವತ್ತು ರೂಪಾಯಿ ಆಸುಪಾಸು. ರಬ್ಬರ್ ಬಲ್ಬನ್ನು ಹೊರಗೇ ಒತ್ತಿಕೊಂಡು ಆಮೇಲೆ ಹೊಳ್ಳೆಗೆ ಇಡಬೇಕು. ಇಟ್ಟ ಮೇಲೆ ಒತ್ತಿದರೆ ಸಿಂಬಳ ಇನ್ನೂ ಒಳಕ್ಕೆ ಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಎಳೆದರೆ ಒಳಪದರ ಊದಿ ಸದ್ದು ಹೆಚ್ಚೇ ಆಗುತ್ತದೆ. ಹೊಳ್ಳೆ ತೆರೆದಿದೆಯೇ ನೋಡಲು ಸ್ಟೀಲ್ ಚಮಚ: ಮಡಕೆ ನೀರಿನಲ್ಲಿ ಅದ್ದಿ, ಒರೆಸಿ, ಮೂಗಿನ ಕೆಳಗೆ ಹಿಡಿದರೆ ಎರಡು ಮಂಜಿನ ಗುರುತು ಮೂಡಬೇಕು. ಬೇಸಿಗೆಯಲ್ಲಿ ಚಮಚ ಬೆಚ್ಚಗಿದ್ದರೆ ಏನೂ ಮೂಡದು, ಅದನ್ನು ನೋಡಿ ಹೆದರಬೇಡಿ. ತಣ್ಣಗಿನ ಚಮಚದಲ್ಲೂ ಯಾವಾಗಲೂ ಒಂದೇ ಕಡೆ ಮೂಡಿದರೆ ವೈದ್ಯರಿಗೆ ತೋರಿಸಿ.

ಒಳಗೆ ಹೋಗುವಾಗ ಮಾತ್ರ ಕೀರಲು ಸದ್ದು, ಅಂಗಾತ ಮಲಗಿದಾಗ, ಅತ್ತಾಗ, ಕುಡಿಯುವಾಗ ಹೆಚ್ಚಾದರೆ ಅದು ಗಂಟಲಿನದು. ಹುಟ್ಟಿದ ಮೊದಲ ವಾರಗಳಲ್ಲೇ ಶುರುವಾದರೆ ಸಾಮಾನ್ಯ ಕಾರಣ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಮೆತ್ತಗಿರುವುದು, ಲ್ಯಾರಿಂಗೋಮಲೇಶಿಯಾ. ಕೆಲವು ತಿಂಗಳು ಹೆಚ್ಚಾಗುತ್ತಾ ಹೋಗಿ, ಒಂದೂವರೆ ಎರಡು ವರ್ಷದೊಳಗೆ ಬಹುತೇಕ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ತೂಕ ಏರುತ್ತಿಲ್ಲ, ಪಕ್ಕೆ ಸೆಳೆಯುತ್ತಿದೆ ಎಂದರೆ ಕಾಯುವ ಮಾತಿಲ್ಲ. ಇಂಥ ಮಗುವನ್ನು ಬೋರಲು ಮಲಗಿಸಿದರೆ ಸದ್ದು ಕಡಿಮೆಯಾಗುತ್ತದೆ ಎಂದು ಮನೆಯವರು ಬೇಗ ಕಂಡುಕೊಳ್ಳುತ್ತಾರೆ. ನಿದ್ದೆಯಲ್ಲಿ ಬೋರಲು ಹಾಕಲೇಬೇಡಿ, ದಿಢೀರ್ ಸಾವಿನ ಅಪಾಯ ಸದ್ದಿಗಿಂತ ದೊಡ್ಡದು.

ಹೊರಗೆ ಬರುವಾಗ ಸುಂಯ್ ಎಂದರೆ ಎದೆಯ ಸಣ್ಣ ಕೊಳವೆಗಳದು, ಹಿರಿಯರು ಗೂರಲು ಎನ್ನುವುದು ಇದನ್ನೇ. ಎರಡು ವರ್ಷದೊಳಗೆ ನೆಗಡಿಯಿಂದ ಶುರುವಾಗಿ 3ರಿಂದ 5ನೇ ದಿನಕ್ಕೆ ಜೋರಾಗುವುದು ಬ್ರಾಂಕಿಯೋಲೈಟಿಸ್‌ನ, ಅಂದರೆ ಆ ಸಣ್ಣ ಕೊಳವೆಗಳ ಸೋಂಕಿನ, ನಡೆ, ಎರಡನೇ ದಿನ ಚೆನ್ನಾಗಿದೆ ಎಂದು ಮನೆಗೆ ಕಳಿಸಿ ಸುಮ್ಮನಾದರೆ ತಪ್ಪುವುದು ಇಲ್ಲೇ. ಪ್ರತಿ ಉಸಿರಿನ ಕೊನೆಗೂ "ಹ್ಞಂ" ಎಂದು ನರಳಿದರೆ, ಶ್ವಾಸಕೋಶದ ಗಾಳಿಚೀಲ ಮುಚ್ಚದಿರಲಿ ಎಂದು ಮಗು ಗಂಟಲು ಬಿಗಿದು ಗಾಳಿ ತಡೆಯುತ್ತಿದೆ ಎಂದರ್ಥ. ಅದಕ್ಕೆ ಮಣಿಸರವೂ ಬೇಡ, ಬೊಟ್ಟೂ ಬೇಡ, ಮಂಡ್ಯದವರು ಮಿಮ್ಸ್ ಆಸ್ಪತ್ರೆಗೆ, ಮೈಸೂರಿನವರು ಚೆಲುವಾಂಬ ಆಸ್ಪತ್ರೆಗೆ ನೇರ ಹೋಗಬೇಕು. ಮುಖ ಕೆಂಪಗೆ ಮಾಡಿ, ಮೈ ಮುರಿದು, ಆಗೊಮ್ಮೆ ಈಗೊಮ್ಮೆ ಮುಕ್ಕರಿಯುವುದು ಬೇರೆ. ಅದು ಹೊಟ್ಟೆಯದು, ಉಸಿರಿಗೂ ಅದಕ್ಕೂ ತಾಳ ಇರುವುದಿಲ್ಲ.

ದುಡ್ಡು ಕಳೆದದ್ದು ಇನ್ನೂ ಇದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ಗೆ ಸಾವಿರ ರೂಪಾಯಿ ಹತ್ತಿರ ಕೊಟ್ಟದ್ದು ದಂಡ. ಎಳೆಬೆರಳಿಗೆ ಅದು ಕೂರುವುದಿಲ್ಲ, ಕೂತರೂ ಬೆಳಕು ಪಕ್ಕದಿಂದ ಸೋರಿ ಸುಳ್ಳು ಅಂಕಿ ತೋರುತ್ತದೆ. ಮಕ್ಕಳಿಗೆ ಪಾದಕ್ಕೆ ಸುತ್ತುವ ಪ್ರೋಬೇ ಬೇಕು. ಸ್ಟೆತೊಸ್ಕೋಪ್ ಬಿಲ್ಲೆಗೆ ಸಣ್ಣ ಕಾಲರ್ ಮೈಕ್ ಸೇರಿಸಿ ಫೋನಿನಲ್ಲಿ ಎದೆಯ ಸದ್ದು ಹಿಡಿಯುವ ಪ್ರಯೋಗಕ್ಕೆ ಒಟ್ಟು ಆರುನೂರು. ಉದ್ದ ಕೊಳವೆ ಇಟ್ಟಾಗ ಬರೀ ಗುಂಯ್. ನಾಲ್ಕು ಬೆರಳಗಲಕ್ಕೆ ಕತ್ತರಿಸಿದ ಮೇಲೆ ಗೂರಲು ಸ್ಪಷ್ಟವಾಯಿತು. ಮೈಕನ್ನು ಗಾಳಿ ಸೋರದಂತೆ ಯಾವುದರಿಂದ ಬಿಗಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೂ ಪರೀಕ್ಷೆ ಮುಗಿದಿಲ್ಲ.

ಇದಕ್ಕಿಂತ ಸಾಧಾರಣ ಒಂದು ನಿಮಿಷದ ವಿಡಿಯೋ ಹೆಚ್ಚು ಕೆಲಸಕ್ಕೆ ಬಂತು. ಒಂದು ಮೊಳ ದೂರ, ಮುಖದಿಂದ ಹೊಕ್ಕುಳವರೆಗೆ ಕಾಣಬೇಕು. ಫ್ಯಾನ್ ಆರಿಸಿ. ಟಾರ್ಚ್ ಬೆಳಕು ಪಕ್ಕದಿಂದ ಬಿಡಿ: ಎದುರಿನಿಂದ ಬಿಟ್ಟರೆ ಪಕ್ಕೆಯ ಗುಳಿ ಕಾಣುವುದಿಲ್ಲ, ಪಕ್ಕದಿಂದ ಬಿಟ್ಟರೆ ನೆರಳು ಬಿದ್ದು ಎದ್ದು ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿ ಚಿತ್ರ ಮಸುಕಾಗುತ್ತದೆ.

ಜೋಲಿಯ ವಿಷಯವೂ ನೋಡಿದೆ. ಸೀರೆ ಜೋಲಿಯಲ್ಲಿ ಗದ್ದ ಎದೆಗೆ ಒತ್ತಿಕೊಂಡ ಮಗುವನ್ನು ಚಾಪೆಯ ಮೇಲೆ ಅಂಗಾತ, ತಲೆದಿಂಬಿಲ್ಲದೆ ಮಲಗಿಸಿದರೆ ಎಷ್ಟೋ ಗೊರಕೆ ಅಲ್ಲೇ ನಿಂತುಹೋಗುತ್ತದೆ. ಎಣ್ಣೆನೀರಿನ ನಂತರದ ಸಾಂಬ್ರಾಣಿ ಹೊಗೆಯನ್ನು ಒಂದು ವಾರ ನಿಲ್ಲಿಸಿ, ಒಂದು ವಾರ ಹಾಕಿ ಹೋಲಿಸಿದ ಮನೆಗಳಲ್ಲಿ ಹೊಗೆಯ ವಾರದ ಸಂಜೆಗಳೇ ಹೆಚ್ಚು ಗೊರಗುಟ್ಟಿದವು. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆ ಪಕ್ಕದ ಮನೆಯಾದರೆ ಈ ಹೋಲಿಕೆ ಕೆಡುತ್ತದೆ, ಗಾಳಿಯ ದಿಕ್ಕೇ ಎಲ್ಲವನ್ನೂ ನಿರ್ಧರಿಸುತ್ತದೆ.

ಮೂಗಿಗೆ ಹರಳೆಣ್ಣೆ ಬಿಡುವುದರ ಬಗ್ಗೆ ಮಾತ್ರ ಅಜ್ಜಿಯರ ಜೊತೆ ರಾಜಿಯಿಲ್ಲ. ನೀರು ಗಂಟಲಿಗಿಳಿದರೆ ಕೆಮ್ಮು ಬಂದು ಹೊರಬೀಳುತ್ತದೆ. ಎಣ್ಣೆ ಕೆಮ್ಮು ಎಬ್ಬಿಸದೆ ಜಾರಿ ಶ್ವಾಸಕೋಶ ಸೇರಿ ನ್ಯುಮೋನಿಯಾ ಮಾಡುತ್ತದೆ. ಕರ್ಪೂರದ ಗಂಟು ತೊಟ್ಟಿಲಿಗೆ ಕಟ್ಟುವುದೂ ಬೇಡ, ಬಾಯಿಗೆ ಹೋದರೆ ಫಿಟ್ಸ್ ಬರುತ್ತದೆ. ಅಂಗಡಿಯ ನೆಗಡಿ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮಿನ್-ಫಿನೈಲೆಫ್ರಿನ್ ಜೋಡಿಯನ್ನು 4 ವರ್ಷದೊಳಗೆ ಕೊಡಬಾರದೆಂದು 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ, ಸೀಸೆಯ ಹಿಂದೆ ಓದಿ ನೋಡಿ.

ಎರಡು ಮೂರು ವರ್ಷ ದಾಟಿದ ಮಗು ನೆಗಡಿಯಿಲ್ಲದೆಯೂ ವಾರದಲ್ಲಿ ಮೂರು ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ಗೊರೆದು, ಬಾಯಿ ತೆರೆದೇ ಮಲಗಿ, ನಡುನಡುವೆ ಉಸಿರು ಕಟ್ಟಿ ಬೆಚ್ಚಿಬಿದ್ದರೆ ಮಣಿಸರ ಅಲ್ಲಿ ಏನೂ ಹೇಳದು. ಅದು ಬಹುಪಾಲು ಅಡಿನಾಯ್ಡ್ (ಮೂಗಿನ ಹಿಂಭಾಗದ ಗಡ್ಡೆ) ಅಥವಾ ಟಾನ್ಸಿಲ್ ಕಡೆಯದು. ರಾತ್ರಿಯ ನಡುವಿನ, ಬೆಳಗಿನ ಜಾವದ ಎರಡು ವಿಡಿಯೋ ಮಾಡಿಕೊಂಡು ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋಗಬೇಕು.

ಸರವನ್ನು ಮನೆಗೆ ಕೊಡುವಾಗ 79 ಇದೆಯೇ ಎಂದು ಅವರ ಎದುರಿಗೇ ಎಣಿಸಿ ಕೊಡಿ, ಒಂದು ಕಡಿಮೆಯಾದರೂ ಬಣ್ಣ ಸುಳ್ಳಾಗುತ್ತದೆ. ಆರು ತಿಂಗಳಿಗೊಮ್ಮೆ ದಾರ ಬದಲಿಸಿ. ದೊಡ್ಡ ಮಕ್ಕಳ ಕೈಗೆ ಸಿಗದ ಮೊಳೆಗೆ ನೇತುಹಾಕಲು ಹೇಳಿ. ದಾರ ಹರಿದರೆ ಆ ಮಣಿ ಸರಿಯಾಗಿ ಮಗುವಿನ ಗಂಟಲ ಅಳತೆಯದೇ.